ಪೊಲೀಸರು ಮೊದಲು ಯಾವ ಮಾತು ಕಲೀಬೇಕು?



ಇವತ್ತು ಒಂದೇ ಒಂದು ಪದದಿಂದ ಶುರು ಮಾಡೋಣ. ಆ ಪದ 'ಲಿಬ್ರೆ'. ಸ್ಪ್ಯಾನಿಷ್ ಭಾಷೆಯ ಪದ. ಅರ್ಥ, ಸ್ವತಂತ್ರ, ಬಿಡುವಾಗಿರುವ. ಇಂಗ್ಲಿಷಿನ 'ಫ್ರೀ' ಅನ್ನೋ ಪದಕ್ಕೆ ಎರಡು ಅರ್ಥ ಇದೆ ಅಲ್ವಾ? ಒಂದು ಸ್ವತಂತ್ರ, ಇನ್ನೊಂದು ಪುಕ್ಕಟೆ. ಸ್ಪ್ಯಾನಿಷ್‌ನಲ್ಲಿ ಹಾಗಿಲ್ಲ. ಬಿಡುವಾಗಿದ್ದರೆ ಲಿಬ್ರೆ. ಪುಕ್ಕಟೆ ಆಗಿದ್ದರೆ 'ಗ್ರಾತಿಸ್'. ಎರಡೂ ಬೇರೆ ಬೇರೆ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಒಬ್ಬ ಪತ್ತೇದಾರ, ಬಂಧಿತನೊಬ್ಬನಿಗೆ ಅವನ ಹಕ್ಕುಗಳನ್ನ ಸ್ಪ್ಯಾನಿಷ್‌ನಲ್ಲಿ ಓದಿ ಹೇಳಿದ. 'ನಿನ್ನ ಹತ್ತಿರ ದುಡ್ಡಿಲ್ಲದಿದ್ದರೆ ಸರ್ಕಾರ ಪುಕ್ಕಟೆ ವಕೀಲರನ್ನ ಕೊಡುತ್ತೆ' ಅಂತ ಹೇಳಬೇಕಾಗಿತ್ತು. ಅವನು ಬಳಸಿದ ಪದ ಲಿಬ್ರೆ. ಹಾಗಾಗಿ ಬಂಧಿತನ ಕಿವಿಗೆ ಬಿದ್ದದ್ದು ಏನು? 'ಯಾರಾದರೂ ವಕೀಲರು ಬಿಡುವಾಗಿದ್ದರೆ ನಿನಗೆ ಸಿಗಬಹುದು' ಅಂತ! ಎಷ್ಟು ವ್ಯತ್ಯಾಸ ನೋಡಿ. ಒಂದು ಸರ್ಕಾರದ ಕರ್ತವ್ಯ. ಇನ್ನೊಂದು ಅದೃಷ್ಟದ ಮಾತು. 2013ರಲ್ಲಿ ಅಲ್ಲಿನ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೇಳಿತು: ಈ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಅದೇ ಹಕ್ಕುಗಳನ್ನ ಇಂಗ್ಲಿಷ್‌ನಲ್ಲಿ ಸರಿಯಾಗಿಯೇ ಓದಿದ್ದಾರೆ ಅಂತ ಸರ್ಕಾರಿ ವಕೀಲರು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಎರಡು ಭಾಷೆಯಲ್ಲಿ ಎರಡು ಥರ ಹೇಳಿದರೆ, ಯಾವುದನ್ನ ನಂಬಬೇಕು ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಒಂದು ಪದ. ಅದರಿಂದ ಇಡೀ ಹೇಳಿಕೆಯ ಬುಡವೇ ಅಲ್ಲಾಡಿತು.

'ಇದನ್ನ ನಮಗ್ಯಾಕೆ ಹೇಳ್ತೀರಿ, ಅಮೆರಿಕದ ಪೊಲೀಸರು ಸ್ಪ್ಯಾನಿಷ್ ಕಲಿತರೆಷ್ಟು ಬಿಟ್ಟರೆಷ್ಟು' ಅಂತ ನೀವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ. ಈ ಕಥೆ ನಮ್ಮ ಮನೆ ಬಾಗಿಲಿಗೂ ಬರುತ್ತೆ.

ಮೊದಲು ಲೆಕ್ಕ. 2020ರ ಜನಗಣತಿ ಪ್ರಕಾರ ಅಮೆರಿಕದಲ್ಲಿ ಹಿಸ್ಪಾನಿಕ್ ಮೂಲದವರು 6 ಕೋಟಿ 20 ಲಕ್ಷ. ಅಂದರೆ ನೂರಕ್ಕೆ ಹತ್ತಿರ ಹತ್ತಿರ 19 ಜನ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವವರೇ 4 ಕೋಟಿಗೂ ಹೆಚ್ಚು. ಇವರಲ್ಲಿ ಬಹಳಷ್ಟು ಜನಕ್ಕೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತೆ. ಆದರೆ ಲಕ್ಷಾಂತರ ಜನಕ್ಕೆ ಬರೋದಿಲ್ಲ. ಲಾಸ್ ಏಂಜಲೀಸ್, ಮಯಾಮಿ, ಹ್ಯೂಸ್ಟನ್, ಫೀನಿಕ್ಸ್, ಯಾವ ಊರಿಗೆ ಬೇಕಾದರೂ ಹೋಗಿ. ಬೀಟ್ ಮೇಲಿರೋ ಪೊಲೀಸಪ್ಪನಿಗೆ ದಿನಕ್ಕೊಮ್ಮೆಯಾದರೂ ಸ್ಪ್ಯಾನಿಷ್ ಎದುರಾಗುತ್ತೆ. ಅಪಘಾತ ಆದ ಜಾಗದಲ್ಲಿ, ಗಂಡ ಹೆಂಡತಿ ಜಗಳದ ಮನೆಯಲ್ಲಿ, ಮಗು ಕಳೆದುಹೋಯ್ತು ಅಂತ ಅಳುತ್ತಾ ನಿಂತ ತಾಯಿಯ ಮುಂದೆ.

ಹಾಗಾಗಿ ಅಲ್ಲಿನ ಪೊಲೀಸ್ ಅಕಾಡೆಮಿಗಳಲ್ಲಿ 'ಪೊಲೀಸರಿಗಾಗಿ ಸ್ಪ್ಯಾನಿಷ್' ಅನ್ನೋ ಪಾಠಗಳು ಬಹಳ ವರ್ಷಗಳಿಂದ ನಡೀತಿವೆ. ಗಡಿ ಕಾಯುವ ಬಾರ್ಡರ್ ಪೆಟ್ರೋಲ್‌ಗೆ ಸೇರಿದರೆ ಸ್ಪ್ಯಾನಿಷ್ ಕಲಿಯಲೇಬೇಕು. ನ್ಯೂ ಮೆಕ್ಸಿಕೋದ ಆರ್ಟೀಸಿಯಾದಲ್ಲಿ ಅದಕ್ಕೆಂದೇ ತರಬೇತಿ ಇದೆ. ಹಲವು ನಗರಗಳಲ್ಲಿ ಎರಡು ಭಾಷೆ ಬರುವ ಪೊಲೀಸರಿಗೆ ಸಂಬಳದ ಮೇಲೆ ಭತ್ಯೆ ಸಿಗುತ್ತೆ.

ಈ ಪಾಠಗಳಲ್ಲಿ ಏನು ಹೇಳಿಕೊಡ್ತಾರೆ? ಜೇಬಲ್ಲಿ ಇಟ್ಟುಕೊಳ್ಳುವಂಥ ಪುಟ್ಟ ಕೈಪಿಡಿ ಇರುತ್ತೆ. ಸ್ಪ್ಯಾನಿಷ್ ವಾಕ್ಯ, ಪಕ್ಕದಲ್ಲಿ ಅದನ್ನ ಉಚ್ಚರಿಸುವ ಬಗೆ. ನಮ್ಮಲ್ಲಿ '30 ದಿನಗಳಲ್ಲಿ ಹಿಂದಿ ಕಲಿಯಿರಿ' ಪುಸ್ತಕ ಇರುತ್ತಲ್ಲ, ಹಾಗೆ. 'ಆಲ್ತೊ', ನಿಲ್ಲು. 'ಮಾನೋಸ್ ಅರ್ರೀಬಾ', ಕೈ ಮೇಲಕ್ಕೆ. 'ನೋ ಸೆ ಮ್ವೇವಾ', ಅಲುಗಾಡಬೇಡಿ. 'ಸ್ವೆಲ್ತೆ ಎಲ್ ಆರ್ಮಾ', ಆಯುಧ ಕೆಳಗೆ ಬಿಡಿ. 'ಸು ಲಿಸೆನ್ಸಿಯಾ, ಪೊರ್ ಫಾವೊರ್', ನಿಮ್ಮ ಲೈಸೆನ್ಸ್ ಕೊಡಿ.

ನಮ್ಮ ಕನ್ನಡದವರಿಗೆ ಇದನ್ನ ಕಲಿಯೋದು ಅಮೆರಿಕನ್ನರಿಗಿಂತ ಸುಲಭ ಅನ್ನಿಸುತ್ತೆ. ಬರೆದ ಹಾಗೇ ಓದಿದರೆ ಬಹುಪಾಲು ಸರಿಹೋಗುತ್ತೆ. ನಮ್ಮ ತ, ದ ಥರಾನೇ ಮೆತ್ತಗಿನ ಉಚ್ಚಾರ. ಇನ್ನೊಂದು ಸ್ವಾರಸ್ಯ ನೋಡಿ. ನಮ್ಮಲ್ಲಿ 'ನೀನು', 'ನೀವು' ಇದ್ದ ಹಾಗೆ ಅವರಲ್ಲಿ 'ತು', 'ಉಸ್ತೇದ್' ಇದೆ. 'ಸ್ವೆಲ್ತಾ' ಅಂದರೆ ಬಿಡು. 'ಸ್ವೆಲ್ತೆ' ಅಂದರೆ ಬಿಡಿ. ಇಂಗ್ಲಿಷ್‌ನಲ್ಲಿ ಎಲ್ಲರೂ 'ಯು'. ಹಾಗಾಗಿ ಅಮೆರಿಕದ ಪೊಲೀಸಿಗೆ ಈ ಸೂಕ್ಷ್ಮ ಹೇಳಿಕೊಟ್ಟರೇ ಅರ್ಥ ಆಗಬೇಕು. ಎಪ್ಪತ್ತು ವರ್ಷದ ಅಜ್ಜಿಗೆ ಪೊಲೀಸಿನವನು ಬಂದು ನಿಂತು 'ಏನೇ, ನಿನ್ ಹೆಸರೇನು' ಅಂದರೆ ಆಕೆ ಬಾಯಿ ಬಿಡ್ತಾಳಾ? ನಮಗೆ ಇದನ್ನ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಠಾಣೆಗಳ ಮೆಟ್ಟಿಲು ಹತ್ತಿದವರಿಗೆ ಚೆನ್ನಾಗಿ ಗೊತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಆಗಲೇ ಹೇಳಿದ ಆ ವಾಕ್ಯಗಳನ್ನ ಇನ್ನೊಮ್ಮೆ ಕೇಳಿಸಿಕೊಳ್ಳಿ. ನಿಲ್ಲು, ಕೈ ಎತ್ತು, ಅಲುಗಾಡಬೇಡಿ, ಬಿಡಿ, ಕೊಡಿ. ಎಲ್ಲ ಆಜ್ಞೆಗಳೇ. ನಾನು ಓದಿದ್ದು ಇಂಜಿನಿಯರಿಂಗ್. ಅದರಲ್ಲಿ ಸಂಪರ್ಕಕ್ಕೆ ಎರಡು ಬಗೆ ಅಂತ ಹೇಳಿಕೊಡ್ತಾರೆ. ಸಿಂಪ್ಲೆಕ್ಸ್ ಅಂದರೆ ಒಂದೇ ದಿಕ್ಕು. ರೇಡಿಯೋ ಥರ, ಅದು ಹೇಳುತ್ತೆ, ನೀವು ಕೇಳ್ತೀರಿ, ಅಷ್ಟೇ. ಡ್ಯೂಪ್ಲೆಕ್ಸ್ ಅಂದರೆ ಎರಡೂ ದಿಕ್ಕು. ಫೋನ್ ಥರ. ಆಜ್ಞೆಯ ಸ್ಪ್ಯಾನಿಷ್ ಒಂದೇ ದಿಕ್ಕಿನದು. ಆಜ್ಞೆ ಬೇಡ ಅಂತ ನಾನು ಹೇಳ್ತಿಲ್ಲ. ಎದುರಿಗಿರುವವನ ಕೈಯಲ್ಲಿ ಪಿಸ್ತೂಲ್ ಇದ್ದಾಗ ವ್ಯಾಕರಣ ಹುಡುಕೋಕೆ ಆಗಲ್ಲ. ಪೊಲೀಸಿನವನೂ ಮನೆಗೆ ಜೀವಂತ ಹೋಗಬೇಕು. ಆದರೆ ಪೊಲೀಸ್ ಕೆಲಸದಲ್ಲಿ ಪಿಸ್ತೂಲ್ ಎದುರಾಗುವ ಗಳಿಗೆ ಎಷ್ಟು? ಉಳಿದ ಹೊತ್ತೆಲ್ಲ ಏನು ಕೆಲಸ? ಕೇಳೋದು. 'ಕೆ ಪಾಸೊ', ಏನಾಯ್ತು? 'ದೋಂದೆ ಲೆ ದ್ವೇಲೆ', ಎಲ್ಲಿ ನೋವಾಗ್ತಿದೆ?

ಅಲ್ಲೇ ಇರೋದು ಕಷ್ಟ. ಪ್ರಶ್ನೆ ಬಾಯಿಪಾಠ ಮಾಡಬಹುದು. ಉತ್ತರವನ್ನ ಬಾಯಿಪಾಠ ಮಾಡೋಕಾಗುತ್ತಾ? 'ಕೆ ಪಾಸೊ' ಅಂತ ಕೇಳಿದ ತಕ್ಷಣ ಎದುರಿಗಿದ್ದ ಹೆಣ್ಣುಮಗಳು ಅಳುತ್ತಾ, ನಡುಗುತ್ತಾ, ಗಾಳಿ ವೇಗದಲ್ಲಿ ಎರಡು ನಿಮಿಷ ಮಾತಾಡ್ತಾಳೆ. ನಲವತ್ತು ವಾಕ್ಯ ಕಲಿತ ಪೊಲೀಸಿನವನು ಏನು ಮಾಡಬೇಕು?

ಅದರ ಮೇಲೆ, ಸ್ಪ್ಯಾನಿಷ್ ಅಂದರೆ ಒಂದೇ ಸ್ಪ್ಯಾನಿಷ್ ಅಲ್ಲ. ಮಂಗಳೂರು ಕನ್ನಡ, ಧಾರವಾಡದ ಕನ್ನಡ, ಕಲಬುರಗಿ ಕನ್ನಡ ಇರೋ ಹಾಗೇ ಅಲ್ಲೂ. ಕ್ಯೂಬಾದವರಿಗೆ 'ಗ್ವಾಗ್ವಾ' ಅಂದರೆ ಬಸ್ಸು. ಚಿಲಿ, ಬೊಲಿವಿಯಾ ಕಡೆಯವರಿಗೆ ಗ್ವಾಗ್ವಾ ಅಂದರೆ ಹಸುಗೂಸು! ಯೋಚನೆ ಮಾಡಿ, ಒಬ್ಬಳು ತಾಯಿ 'ನನ್ನ ಗ್ವಾಗ್ವಾ ಕಾಣ್ತಿಲ್ಲ' ಅಂತ ಓಡಿಬಂದರೆ ಪೊಲೀಸಿನವನು ಬಸ್ ನಿಲ್ದಾಣದ ದಾರಿ ತೋರಿಸಿದರೆ? ಮೆಕ್ಸಿಕೋದವರು 'ಆಗ್ವಾಸ್' ಅಂತ ಕೂಗಿದರೆ, ಪದಕೋಶ ನೋಡಿದವನಿಗೆ ಅದು 'ನೀರು'. ಅವರು ಹೇಳ್ತಿರೋದು 'ಹುಷಾರು!' ಅಂತ.

ಇದು ನಗುವ ವಿಷಯ ಅಲ್ಲ, ನಮ್ಮಲ್ಲೂ ಹೀಗೇ. ಮನೆಯಿಂದ ಹೊರಡುವಾಗ ನಾವೆಲ್ಲ ಏನು ಹೇಳ್ತೀವಿ? 'ಬರ್ತೀನಿ' ಅಂತೀವಿ. ಹೋಗ್ತಾ ಇರೋನು ಬರ್ತೀನಿ ಅಂತಾನೆ! ಕನ್ನಡ ಪದಕೋಶ ಹಿಡಿದು ಬಂದ ಪರದೇಶದ ಪೊಲೀಸಿಗೆ ಒಬ್ಬ ಸಾಕ್ಷಿ, 'ಅವನು ಬರ್ತೀನಿ ಅಂದ ಸಾರ್' ಅಂತ ಹೇಳಿಕೆ ಕೊಟ್ಟರೆ, ಅವನು ಏನಂತ ಬರ್ಕೋತಾನೆ?

ಇನ್ನು ಮೋಸದ ಪದಗಳು. ಇಂಗ್ಲಿಷ್ ಥರಾನೇ ಕೇಳಿಸುತ್ತೆ, ಅರ್ಥ ಬೇರೆ. 'ಎಂಬಾರಾಸಾದಾ' ಅಂದರೆ ಮುಜುಗರ ಅಲ್ಲ, ಗರ್ಭಿಣಿ. ಒಬ್ಬ ಹೆಂಗಸನ್ನ ಬಂಧಿಸುವಾಗ ಆಕೆ 'ನಾನು ಎಂಬಾರಾಸಾದಾ' ಅಂದರೆ, ಪೊಲೀಸಿನವನಿಗೆ ಆಕೆ ನಾಚಿಕೊಂಡಿದ್ದಾಳೆ ಅನ್ನಿಸಿದರೆ ಏನು ಗತಿ? 'ಮೊಲೆಸ್ತಾರ್' ಅಂದರೆ ಕಾಟ ಕೊಡೋದು, ಕಿರಿಕಿರಿ ಮಾಡೋದು. ಇಂಗ್ಲಿಷ್‌ನಲ್ಲಿ ಅದೇ ಥರ ಕೇಳಿಸುವ ಪದದ ಅರ್ಥ ಲೈಂಗಿಕ ದೌರ್ಜನ್ಯ. 'ಆ ಅಣ್ಣ ನನಗೆ ಕಾಟ ಕೊಟ್ಟ' ಅಂತ ಮಗು ಹೇಳಿದ್ದು ಪೋಕ್ಸೋ ಥರದ ಕೇಸ್ ಆಗಿಬಿಡಬಹುದು. ಅದಕ್ಕಿಂತ ಭಯದ ಸಂಗತಿ, ನಿಜವಾಗಿ ದೌರ್ಜನ್ಯ ಆದಾಗ ಮಗು ಬಳಸುವ ಪದ ಪೊಲೀಸಿಗೆ ತಿಳಿಯದೇ ಹೋಗಬಹುದು.

1980ರಲ್ಲಿ ಫ್ಲೋರಿಡಾದಲ್ಲಿ ಆದದ್ದು ಕೇಳಿ. 18 ವರ್ಷದ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ. ಮನೆಯವರು ಕ್ಯೂಬಾ ಮೂಲದವರು. ಅವರು ಹೇಳಿದ ಪದ 'ಇಂತೊಕ್ಸಿಕಾದೊ'. ಅಂದರೆ ತಿಂದಿದ್ದೋ ಕುಡಿದಿದ್ದೋ ಮೈಗೆ ಆಗಿಬರಲಿಲ್ಲ ಅಂತ. ಆಸ್ಪತ್ರೆಯವರು ತಿಳಿದುಕೊಂಡದ್ದು, ಹುಡುಗ ಡ್ರಗ್ಸ್ ತಗೊಂಡಿದ್ದಾನೆ ಅಂತ. ಅದಕ್ಕೇ ಚಿಕಿತ್ಸೆ ನಡೀತು. ನಿಜವಾಗಿ ಆಗಿದ್ದು ಮೆದುಳಿನಲ್ಲಿ ರಕ್ತಸ್ರಾವ. ಆ ಹುಡುಗನ ಕೈಕಾಲು ಶಾಶ್ವತವಾಗಿ ಹೋದವು. ಜೀವನಪೂರ್ತಿ ಆರೈಕೆಗೆ ಸುಮಾರು 7 ಕೋಟಿ 10 ಲಕ್ಷ ಡಾಲರ್ ಪರಿಹಾರದ ಒಪ್ಪಂದ ಆಯ್ತು. ಇದು ಆಸ್ಪತ್ರೆಯಲ್ಲಿ ಆದದ್ದು. ಆದರೆ ರಸ್ತೆಯಲ್ಲಿ ತೂರಾಡುತ್ತಿರೋ ಮನುಷ್ಯನ ಹತ್ತಿರ ಮೊದಲು ಹೋಗೋದು ಯಾರು? ಪೊಲೀಸರೇ ಅಲ್ವಾ?

ಹೆಸರಿನ ಕಥೆ ಇನ್ನೊಂದು. ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ಒಬ್ಬರಿಗೆ ಎರಡು ಮನೆತನದ ಹೆಸರು. ಮೊದಲು ಅಪ್ಪನದು, ಆಮೇಲೆ ಅಮ್ಮನದು. ಗಾರ್ಸಿಯಾ ಲೋಪೆಸ್ ಅಂದರೆ ಅಪ್ಪನ ಕಡೆ ಗಾರ್ಸಿಯಾ. ಪೊಲೀಸಿನವನು ಕೊನೆಯ ಹೆಸರೇ ಮನೆತನದ್ದು ಅಂದುಕೊಂಡು ಲೋಪೆಸ್ ಅಂತ ಕಂಪ್ಯೂಟರಿಗೆ ಹಾಕಿದರೆ, ಬೇಕಾದವನು ತಪ್ಪಿಸಿಕೊಳ್ತಾನೆ. ಇಲ್ಲವೇ ಬೇಡದವನು ಸಿಕ್ಕಿಹಾಕಿಕೊಳ್ತಾನೆ. ನಮ್ಮವರಿಗೆ ಈ ನೋವು ಗೊತ್ತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದ ಎಷ್ಟೋ ಜನಕ್ಕೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಹೊಡೆದಿರ್ತಾರೆ. 'ಮೊದಲ ಹೆಸರು ಗೊತ್ತಿಲ್ಲ' ಅಂತ ಅದರ ಅರ್ಥ. ಅಪ್ಪ ಅಮ್ಮ ಆಸೆಪಟ್ಟು ಇಟ್ಟ ಹೆಸರು ಅಲ್ಲಿ 'ಎಫ್‌ಎನ್‌ಯು' ಆಗಿ ಕೂತಿರುತ್ತೆ.

'ಈಗ ಫೋನಿನಲ್ಲೇ ಅನುವಾದದ ಆ್ಯಪ್ ಇದೆಯಲ್ಲ ಸಾರ್' ಅಂತೀರಾ? 2017ರಲ್ಲಿ ಕ್ಯಾನ್ಸಸ್ ರಾಜ್ಯದ ಹೆದ್ದಾರಿಯಲ್ಲಿ ಒಬ್ಬ ಪೊಲೀಸ್ ಅದನ್ನೇ ಮಾಡಿದ. ಕಾರು ನಿಲ್ಲಿಸಿದ. ಚಾಲಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ 'ಕಾರನ್ನ ಶೋಧಿಸಬಹುದಾ' ಅಂತ ಟೈಪ್ ಮಾಡಿದ. ಬಂದ ಸ್ಪ್ಯಾನಿಷ್ ವಾಕ್ಯ 'ಪ್ವೇದೊ ಬುಸ್ಕಾರ್ ಎಲ್ ಔತೊ'. ಬುಸ್ಕಾರ್ ಅಂದರೆ ಕಾಣದೇ ಇರೋದನ್ನ ಹುಡುಕೋದು. ಅಂದರೆ 'ನಾನು ಕಾರನ್ನ ಹುಡುಕಲಾ?' ಅಂತ ಆಯ್ತು. ಕಾರು ಕಣ್ಣೆದುರೇ ನಿಂತಿದೆ! ಚಾಲಕ ಏನೋ ತಲೆಯಾಡಿಸಿದ. ಶೋಧನೆಯಲ್ಲಿ 14 ಪೌಂಡ್ ಮಾದಕ ವಸ್ತು ಸಿಕ್ಕಿತು. ಆದರೆ 2018ರಲ್ಲಿ ನ್ಯಾಯಾಧೀಶರು ಹೇಳಿದರು, ಅವನು ಅರ್ಥ ಮಾಡಿಕೊಂಡು ಒಪ್ಪಿಗೆ ಕೊಟ್ಟಿದ್ದಾನೆ ಅಂತ ಸಾಬೀತಾಗಿಲ್ಲ, ಹಾಗಾಗಿ ಸಿಕ್ಕಿದ ಮಾಲು ಸಾಕ್ಷಿಯಾಗಿ ನಡೆಯೋದಿಲ್ಲ. ಆ್ಯಪ್ ನಂಬಿಕೊಂಡು ಮಾಡಿದ್ದು ಅನ್ನೋ ನೆಪವೂ ನಡೀಲಿಲ್ಲ.

ಗಮನಿಸಿ ವೀಕ್ಷಕರೇ. ಭಾಷೆ ತಪ್ಪಿದರೆ ನಿರಪರಾಧಿಗೆ ಮಾತ್ರ ನಷ್ಟ ಅಂತ ಅಂದುಕೋಬೇಡಿ. ಮಾಲು ಕೈಯಲ್ಲಿದ್ದರೂ ಕೇಸು ಬಿದ್ದುಹೋಗುತ್ತೆ. 'ಕಾನೂನು ಕಟ್ಟುನಿಟ್ಟಾಗಿರಬೇಕು' ಅನ್ನೋರು ಭಾಷೆ ವಿಷಯದಲ್ಲಿ ಇನ್ನೂ ಹೆಚ್ಚು ಕಟ್ಟುನಿಟ್ಟಾಗಿರಬೇಕು.

ಈ ಹಕ್ಕು ಓದುವ ಪದ್ಧತಿ ಬಂದದ್ದೇ ಅರಿಜೋನಾದ ಫೀನಿಕ್ಸ್‌ನಲ್ಲಿ 1963ರಲ್ಲಿ ಬಂಧನವಾದ ಅರ್ನೆಸ್ಟೋ ಮಿರಾಂಡಾ ಪ್ರಕರಣದಿಂದ. ಎರಡು ಗಂಟೆ ವಿಚಾರಣೆ, ಕೈಬರಹದ ತಪ್ಪೊಪ್ಪಿಗೆ. ವಕೀಲರನ್ನ ಕರೆಯುವ ಹಕ್ಕಿದೆ ಅಂತ ಯಾರೂ ಹೇಳಿರಲಿಲ್ಲ. 1966ರ ಜೂನ್ 13ರಂದು ಅಮೆರಿಕದ ಸುಪ್ರೀಂ ಕೋರ್ಟ್, ಐದಕ್ಕೆ ನಾಲ್ಕು ಮತಗಳಿಂದ, ವಿಚಾರಣೆಗೆ ಮೊದಲು ಹಕ್ಕು ತಿಳಿಸಲೇಬೇಕು ಅಂತ ತೀರ್ಪು ಕೊಟ್ಟಿತು. ತಿಳಿಸಬೇಕು ಅಂದರೆ ಓದಿ ಮುಗಿಸಬೇಕು ಅಂತ ಅಲ್ಲ. ಕೇಳಿದವನಿಗೆ ಅರ್ಥ ಆಗಬೇಕು ಅಂತ.

ಹಾಗಾದರೆ ಅರ್ಥ ಆಗದೇ ಇದ್ದರೆ ತಪ್ಪು ಯಾರದು? 2009ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಒಂದು ಸಂಗತಿ ಹೊರಬಿತ್ತು. ಮೂರು ವರ್ಷದಲ್ಲಿ 39 ಚಾಲಕರಿಗೆ 'ಇಂಗ್ಲಿಷ್ ಬರೋದಿಲ್ಲ' ಅನ್ನೋ ಕಾರಣಕ್ಕೇ ದಂಡದ ಚೀಟಿ ಹರಿದಿದ್ದರು! ಅಂಥ ನಿಯಮ ಇದ್ದದ್ದು ಲಾರಿ, ಬಸ್ಸಿನಂಥ ವಾಣಿಜ್ಯ ವಾಹನ ಓಡಿಸುವವರಿಗೆ. ಸಾಮಾನ್ಯ ಚಾಲಕರಿಗೆ ಅಂಥ ಅಪರಾಧವೇ ಇಲ್ಲ. ಪೊಲೀಸ್ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ನೋಡಿ, ಭಾಷೆ ಬಾರದೇ ಇರೋದನ್ನ ಕೊರತೆ ಅಂತ ನೋಡೋದು ಬೇರೆ. ಅಪರಾಧ ಅಂತ ನೋಡೋದು ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ಜಾರೋಕೆ ಬಹಳ ಹೊತ್ತು ಬೇಕಾಗಿಲ್ಲ.

ಇನ್ನು ಮನೆಯೊಳಗಿನ ಜಗಳ. ಹೆಂಡತಿ ಫೋನ್ ಮಾಡಿ ಪೊಲೀಸರನ್ನ ಕರೀತಾಳೆ. ಆಕೆಗೆ ಇಂಗ್ಲಿಷ್ ಬರಲ್ಲ. ಗಂಡನಿಗೆ ಬರುತ್ತೆ. ಪೊಲೀಸಿನವನು ಯಾರ ಜೊತೆ ಮಾತಾಡ್ತಾನೆ? ಹೊಡೆದವನ ಜೊತೆ! ಹೊಡೆದವನೇ ಅನುವಾದಕ. 'ಏನಿಲ್ಲ ಸಾರ್, ಅವಳು ಕಾಲು ಜಾರಿ ಬಿದ್ದಳು'. ಇಲ್ಲಾಂದ್ರೆ ಎಂಟು ವರ್ಷದ ಮಗುವನ್ನ ಕರೆದು ನಿಲ್ಲಿಸ್ತಾರೆ. ಅಪ್ಪ ಅಮ್ಮನಿಗೆ ಏನು ಮಾಡಿದ ಅಂತ ಆ ಮಗು ತನ್ನ ಬಾಯಿಂದ ಹೇಳಬೇಕು. 2002ರಲ್ಲೇ ಅಮೆರಿಕದ ನ್ಯಾಯ ಇಲಾಖೆ ಮಾರ್ಗಸೂಚಿ ಕೊಟ್ಟು, ಮಕ್ಕಳನ್ನ, ಮನೆಯವರನ್ನ ಅನುವಾದಕ್ಕೆ ನಂಬಿಕೊಳ್ಳಬೇಡಿ ಅಂತ ಎಚ್ಚರಿಸಿತ್ತು.

ದಾರಿ ಇಲ್ಲವಾ? ಇದೆ. ಆ ದಾರಿ ಹುಡುಕಿದವರಲ್ಲಿ ಒಬ್ಬರು ಪೊಲೀಸರೇ ಅನ್ನೋದು ಸಂತೋಷದ ವಿಷಯ. 1982. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ಇವತ್ತು ನಮ್ಮ ಸಾಫ್ಟ್‌ವೇರ್ ಹುಡುಗರು ತುಂಬಿರೋ ಅದೇ ಊರು. ಆಗ ಅಲ್ಲಿ ವಿಯೆಟ್ನಾಂ ನಿರಾಶ್ರಿತರು ಬಂದು ನೆಲೆಸುತ್ತಿದ್ದರು. ಅವರ ಮಾತು ಪೊಲೀಸರಿಗೆ ತಿಳಿಯೋದಿಲ್ಲ. ಆ ಊರಿನ ಒಬ್ಬ ಪೊಲೀಸ್ ಅಧಿಕಾರಿ ಒಬ್ಬ ಜೊತೆಗಾರನನ್ನ ಸೇರಿಸಿಕೊಂಡು, ಭಾಷೆ ಬಲ್ಲ ಸ್ವಯಂಸೇವಕರನ್ನ ಕೂಡಿಸಿ, ಫೋನಿನಲ್ಲೇ ಅನುವಾದ ಮಾಡಿಸುವ ವ್ಯವಸ್ಥೆ ಕಟ್ಟಿದರು. ಅದೇ ಇವತ್ತು ಲ್ಯಾಂಗ್ವೇಜ್ ಲೈನ್ ಅನ್ನೋ ದೊಡ್ಡ ಸಂಸ್ಥೆ. 200ಕ್ಕೂ ಹೆಚ್ಚು ಭಾಷೆಗಳಲ್ಲಿ ಫೋನ್ ಮೇಲೆ ಅನುವಾದಕರು ಸಿಗ್ತಾರೆ. 'ನನಗೆ ಈ ಭಾಷೆ ಬರೋದಿಲ್ಲ' ಅಂತ ಒಪ್ಪಿಕೊಂಡ ಪೊಲೀಸಿನಿಂದ ಇದು ಶುರುವಾಯ್ತು.

ಆ ಒಪ್ಪಿಕೊಳ್ಳೋದೇ ಕಷ್ಟ. ಯಾಕಂದ್ರೆ ಅರೆಬರೆ ಕಲಿತವನಿಗೆ ಧೈರ್ಯ ಜಾಸ್ತಿ. ಮುಖ ನೋಡಿ ಭಾಷೆ ನಿರ್ಧಾರ ಮಾಡಿಬಿಡ್ತಾನೆ. ಗ್ವಾಟೆಮಾಲಾದಿಂದ ಬಂದ ಎಷ್ಟೋ ಜನರ ಮನೆಮಾತು ಸ್ಪ್ಯಾನಿಷ್ ಅಲ್ಲವೇ ಅಲ್ಲ. ಅದು ಮಾಮ್, ಕಿಚೆ, ಕೆಕ್ಚಿ ಥರದ ಮಾಯಾ ಭಾಷೆಗಳು. ಮೆಕ್ಸಿಕೋದ ಒಆಹಾಕಾ ಕಡೆಯವರದು ಮಿಕ್ಸ್‌ಟೆಕ್, ಜಾಪೊಟೆಕ್. 2010ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್‌ನಲ್ಲಿ ಗ್ವಾಟೆಮಾಲಾ ಮೂಲದ ಕೂಲಿ ಕಾರ್ಮಿಕನೊಬ್ಬ ಪೊಲೀಸ್ ಗುಂಡಿಗೆ ಸತ್ತ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಚಾಕು ಬಿಡು ಅಂದೆವು ಅಂತ ಪೊಲೀಸರು ಹೇಳಿದರು. ಅವನ ಮನೆಮಾತು ಕಿಚೆ. ಅವನಿಗೆ ಎಷ್ಟು ಅರ್ಥ ಆಗಿತ್ತು ಅನ್ನೋ ಪ್ರಶ್ನೆ ಹಿಡಿದು ಜನ ದಿನಗಟ್ಟಲೆ ಬೀದಿಗಿಳಿದರು.

ಈಗ ಆಗಲೇ ಹೇಳಿದೆನಲ್ಲ, ಈ ಕಥೆ ನಮ್ಮ ಮನೆ ಬಾಗಿಲಿಗೆ ಬರುತ್ತೆ ಅಂತ. ಬಂತು ನೋಡಿ.

2015ರ ಫೆಬ್ರವರಿ 6. ಅಲಬಾಮಾ ರಾಜ್ಯದ ಮ್ಯಾಡಿಸನ್ ಪಟ್ಟಣ. ಗುಜರಾತಿನಿಂದ ಮಗನ ಮನೆಗೆ ಬಂದ 57 ವರ್ಷದ ಅಜ್ಜ. ಬಂದದ್ದು ಪುಟ್ಟ ಮೊಮ್ಮಗುವನ್ನ ನೋಡಿಕೊಳ್ಳೋಕೆ. ಬೆಳಿಗ್ಗೆ ಮನೆ ಮುಂದಿನ ರಸ್ತೆಯಲ್ಲಿ ವಾಕಿಂಗ್ ಹೊರಟರು. ಯಾರೋ ಅನುಮಾನ ಪಟ್ಟು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದರು. ಪ್ರಶ್ನೆ ಕೇಳಿದರು. ಅಜ್ಜನಿಗೆ ಗೊತ್ತಿದ್ದದ್ದು ಎರಡು ಮೂರು ಮಾತು. 'ನೋ ಇಂಗ್ಲಿಷ್', 'ಇಂಡಿಯಾ', 'ವಾಕಿಂಗ್'. ಒಬ್ಬ ಪೊಲೀಸ್ ಅವರ ಕಾಲಿಗೆ ಕಾಲು ಕೊಟ್ಟು ನೆಲಕ್ಕೆ ಕೆಡವಿದ. ಪೊಲೀಸ್ ಕಾರಿನ ಕ್ಯಾಮರಾದಲ್ಲಿ ಎಲ್ಲ ದಾಖಲಾಗಿದೆ. ಕತ್ತಿಗೆ ಪೆಟ್ಟಾಗಿ, ಮೈ ಭಾಗಶಃ ಸ್ವಾಧೀನ ತಪ್ಪಿತು. ರಾಜ್ಯಪಾಲರು ಭಾರತದ ಕಾನ್ಸುಲೇಟ್‌ಗೆ ಪತ್ರ ಬರೆದು ಕ್ಷಮೆ ಕೇಳಿದರು. ಕೇಸ್ ಏನಾಯ್ತು? ಎರಡು ಸಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ. 2016ರ ಜನವರಿಯಲ್ಲಿ ನ್ಯಾಯಾಧೀಶರು ಆ ಪೊಲೀಸನ್ನ ಖುಲಾಸೆ ಮಾಡಿದರು. 2021ರಲ್ಲಿ 17 ಲಕ್ಷ 50 ಸಾವಿರ ಡಾಲರ್ ಪರಿಹಾರಕ್ಕೆ ರಾಜಿ ಆಯ್ತು.

ಆ ಪೊಲೀಸಿನವನಿಗೆ ಗುಜರಾತಿ ಬರಬೇಕಾಗಿತ್ತು ಅಂತ ನಾನು ಹೇಳ್ತಿಲ್ಲ. ಅದು ಅಸಾಧ್ಯ. ಎದುರಿಗಿರುವವನಿಗೆ ನನ್ನ ಮಾತು ತಿಳೀತಿಲ್ಲ ಅನ್ನೋದನ್ನ ಗುರುತಿಸೋಕೆ ಬರಬೇಕಾಗಿತ್ತು. ಅಷ್ಟು ಸಾಕಾಗಿತ್ತು. ಒಂದು ಭಾಷೆಯನ್ನ ಕಷ್ಟಪಟ್ಟು ಕಲಿತವನಿಗೆ ಅದು ತಾನಾಗೇ ಬರುತ್ತೆ. 'ಇವನು ಮಾತು ಕೇಳ್ತಿಲ್ಲ' ಅನ್ನೋದಕ್ಕೂ 'ಇವನಿಗೆ ಮಾತು ಅರ್ಥ ಆಗ್ತಿಲ್ಲ' ಅನ್ನೋದಕ್ಕೂ ಇರೋ ವ್ಯತ್ಯಾಸ ಅವನಿಗೆ ಗೊತ್ತಿರುತ್ತೆ. ನನ್ನ ಪ್ರಕಾರ ಪೊಲೀಸ್ ಸ್ಪ್ಯಾನಿಷ್ ಪಾಠದ ದೊಡ್ಡ ಲಾಭ ಇದೇ.

ಇನ್ನೊಂದು ವಾದ ಇದೆ. 'ಆ ದೇಶಕ್ಕೆ ಹೋದವರು ಆ ದೇಶದ ಭಾಷೆ ಕಲೀಲಿ, ಪೊಲೀಸರು ಯಾಕೆ ಕಲೀಬೇಕು?' ಅಮೆರಿಕದಲ್ಲಿ ಈ ಮಾತು ಜೋರಾಗಿದೆ. 2000ದಲ್ಲಿ ಅಧ್ಯಕ್ಷ ಕ್ಲಿಂಟನ್ ಒಂದು ಆದೇಶ ಹೊರಡಿಸಿದ್ದರು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸರ್ಕಾರದ ಸೇವೆ ಅರ್ಥಪೂರ್ಣವಾಗಿ ಸಿಗಬೇಕು ಅಂತ. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಅದನ್ನ ರದ್ದು ಮಾಡಿ, ಇಂಗ್ಲಿಷೇ ಅಧಿಕೃತ ಭಾಷೆ ಅಂತ ಘೋಷಿಸಿದರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಮಾತ್ರ ಹಾಗೇ ಇದೆ.

ಈ ವಾದ ನಮಗೂ ಹೊಸದಲ್ಲ. ಕರ್ನಾಟಕಕ್ಕೆ ಬಂದವರು ಕನ್ನಡ ಕಲೀಲಿ ಅಂತ ನಾನೂ ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದೇನೆ. ಈಗಲೂ ಹೇಳ್ತೀನಿ. ಅನ್ನ ಕೊಟ್ಟ ನೆಲದ ಮಾತು ಕಲಿಯೋದು ಮರ್ಯಾದೆ. ಆದರೆ ಕೈಗೆ ಕೋಳ ಬೀಳುವ ಗಳಿಗೆ ಬೇರೆ, ವೀಕ್ಷಕರೇ. ಆ ಗಳಿಗೆಯಲ್ಲಿ ಒಂದು ಕಡೆ ಇಡೀ ಸರ್ಕಾರ, ಇನ್ನೊಂದು ಕಡೆ ಒಬ್ಬ ಒಂಟಿ ಮನುಷ್ಯ. ಅರ್ಥ ಮಾಡಿಸುವ ಹೊಣೆ ಬಲ ಇದ್ದವರ ಮೇಲೆ ಇರುತ್ತೆ.

ಇದನ್ನ ಹೇಳ್ತಿರೋದು ನಾನೊಬ್ಬನೇ ಅಲ್ಲ. ಅಮೆರಿಕದ ಮಿರಾಂಡಾ ತೀರ್ಪಿಗೂ ನಾಲ್ಕು ವರ್ಷ ಮೊದಲೇ, 1962ರಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಹರಿಕಿಶನ್ ಪ್ರಕರಣದಲ್ಲಿ ಹೇಳಿದೆ. ಇಂಗ್ಲಿಷ್ ಬಾರದ ಮನುಷ್ಯನಿಗೆ ಬಂಧನದ ಕಾರಣಗಳನ್ನ ಇಂಗ್ಲಿಷ್‌ನಲ್ಲಿ ಕೊಟ್ಟಿದ್ದರು. ಪೊಲೀಸ್ ಅಧಿಕಾರಿ ಬಾಯಿಮಾತಿನಲ್ಲಿ ಹಿಂದಿಯಲ್ಲಿ ವಿವರಿಸಿದ್ದಾರೆ ಅಂತ ಸರ್ಕಾರ ವಾದಿಸಿತು. ಸಾಲದು ಅಂದಿತು ಕೋರ್ಟ್. ಬಂಧನ ರದ್ದಾಯಿತು. 2025ರ ನವೆಂಬರ್‌ನಲ್ಲಿ ಮತ್ತೆ ಸುಪ್ರೀಂ ಕೋರ್ಟ್ ಹೇಳಿದೆ, ಬಂಧನದ ಕಾರಣಗಳನ್ನ ಬರವಣಿಗೆಯಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಬೇರೆ ರಾಜ್ಯದಿಂದ ಬಂದು ಕರ್ನಾಟಕ ಕೇಡರ್ ಸೇರುವ ಐಪಿಎಸ್ ಅಧಿಕಾರಿಗಳು ಕನ್ನಡ ಕಲಿಯಲೇಬೇಕು ಅನ್ನೋ ನಿಯಮದ ಹಿಂದೆ ಇರೋದೂ ಇದೇ ತತ್ವ. ಹಾಗಾದರೆ ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಿಂದ ಠಾಣೆಗೆ ಬಂದ ಒಡಿಶಾದ ಹುಡುಗನಿಗೆ ನಮ್ಮ ಠಾಣೆಯಲ್ಲಿ ಯಾರು ಅರ್ಥ ಮಾಡಿಸ್ತಾರೆ? ಅಜ್ಜನ ಸುದ್ದಿ ಕೇಳಿ ಅಮೆರಿಕದ ಮೇಲೆ ಸಿಟ್ಟು ಬಂದ ನಾವು ಈ ಪ್ರಶ್ನೆಯನ್ನೂ ಕೇಳ್ಕೋಬೇಕು.

ಕೊನೆಗೆ, ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೊರಟಿರೋ ಅಪ್ಪ ಅಮ್ಮಂದಿರಿಗೆ ಎರಡು ಮಾತು. ವಾಕಿಂಗ್ ಹೋಗುವಾಗ ಕೊರಳಿಗೆ ಒಂದು ಕಾರ್ಡ್ ಹಾಕ್ಕೊಳ್ಳಿ. ಅದರ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ನನಗೆ ಇಂಗ್ಲಿಷ್ ಬರೋದಿಲ್ಲ, ನನ್ನ ಭಾಷೆ ಕನ್ನಡ, ಇದು ಮಗನ ಅಥವಾ ಮಗಳ ಫೋನ್ ನಂಬರ್ ಅಂತ ಬರೆಸಿ. ಪೊಲೀಸರು ನಿಲ್ಲಿಸಿದರೆ ಅಲ್ಲೇ ನಿಲ್ಲಿ. ಕೈ ಎರಡೂ ಅವರಿಗೆ ಕಾಣ್ತಿರಲಿ. ಜೇಬಿಗೆ ಕೈ ಹಾಕಬೇಡಿ. ಬರೀ 'ಇಂಡಿಯಾ' ಅಂತ ಹೇಳಬೇಡಿ, ಹಿಂದಿಯವರನ್ನ ಫೋನಿಗೆ ಕರೆಸಿಬಿಟ್ಟಾರು. 'ಕನ್ನಡ, ಇಂಟರ್‌ಪ್ರಿಟರ್' ಅನ್ನೋ ಎರಡೇ ಪದ ಹೇಳೋದು ಅಭ್ಯಾಸ ಮಾಡ್ಕೊಳ್ಳಿ.

ಪೊಲೀಸರಿಗೂ ಒಂದು ಮಾತು, ಅಲ್ಲಿನವರಿಗೂ ಇಲ್ಲಿನವರಿಗೂ. ಹೊಸ ಭಾಷೆ ಕಲಿಯೋಕೆ ಕೂತಾಗ ಪುಸ್ತಕದ ಮೊದಲ ಪುಟದಲ್ಲಿ 'ಕೈ ಎತ್ತು' ಇರಲಿ, ಬೇಡ ಅನ್ನಲ್ಲ. ಅದೇ ಪುಟದಲ್ಲಿ, ಅದರ ಪಕ್ಕದಲ್ಲೇ, 'ಏನಾಯ್ತು ಅಮ್ಮಾ, ನಿಧಾನವಾಗಿ ಹೇಳಿ' ಅನ್ನೋದೂ ಇರಲಿ.